ತೂಕಕ್ಕೆಂದು ಇಟ್ಟದ್ದು

ಎಸ್.ಪಿ. ರೋಡು, ಮೂರನೇ ಮಹಡಿ. ಲಿಫ್ಟಿಲ್ಲ.
ಸತ್ತ ಪವರ್ ಸಪ್ಲೈಗಳು ಮೆಟ್ಟಿಲು ಹತ್ತಿ ಬರುತ್ತವೆ
ಗೋಣಿಚೀಲದಲ್ಲಿ, ಹಮಾಲಿ ಮುನಿಯಲ್ಲಪ್ಪನ ಬೆನ್ನ ಮೇಲೆ.
ಇವತ್ತು ಹದಿನೇಳು.

ಮೊದಲು ಮೂಗು. ಮೀಟರು ಆಮೇಲೆ.
ಸೀದ ರೆಸಿಸ್ಟರಿಗೆ ಒಣಮೆಣಸಿನಕಾಯಿ ಘಾಟು,
ಸೋರಿದ ಕೆಪಾಸಿಟರಿಗೆ ನಿನ್ನೆಯ ಮೀನಿನ ನಾತ,
ಟ್ರಾನ್ಸ್‌ಫಾರ್ಮರ್ ಬೆಂದಿದ್ದರೆ
ಪಕ್ಕದ ನಗರ್ತಪೇಟೆಯ ಅಕ್ಕಸಾಲಿ ಕರಗಿಸುವ ಅರಗು.

ನಾಲ್ಕು ತಿರುಪು. ಒಂದರ ಮೇಲೆ ವಾರಂಟಿ ಚೀಟಿ,
ಉಗುರು ತಾಗಿದರೆ ಸಾಕು, ಸಂಕೋಚವಿಲ್ಲದೆ ಏಳುತ್ತದೆ.
ಬೆನ್ನ ಮೇಲೆ ಬರೆದದ್ದು ನಾನೂರೈವತ್ತು ವಾಟು.
ಹೊರಗೆ ಛತ್ರದ ಕಮಾನು,
ಒಳಗೆ ಇಬ್ಬರಿಗಾಗುವಷ್ಟು ಅನ್ನ.

ಕೆಪಾಸಿಟರುಗಳು ಹೊಟ್ಟೆಯುಬ್ಬಿ ಕೂತಿವೆ
ಎಣ್ಣೆಯಲ್ಲಿ ಮರೆತ ಪೂರಿಗಳ ಹಾಗೆ.
ಒಂದರ ಹೊದಿಕೆಯನ್ನು ಬ್ಲೇಡಿನಲ್ಲಿ ಸೀಳಿದೆ:
ಸಾವಿರದ ಅಂಗಿಯೊಳಗೆ ನಾನೂರೆಪ್ಪತ್ತು.
ಮೂಲೆಯಲ್ಲಿ ಅಂಟು ಹಾಕಿ ಕೂರಿಸಿದ ಸಿಮೆಂಟಿನ ಉಂಡೆ,
ಯಾವ ತಂತಿಯೂ ಅದನ್ನು ಮಾತಾಡಿಸಿಲ್ಲ.
ಗಿರಾಕಿ ಕೈಯಲ್ಲಿ ತೂಗಿ ನೋಡಿ
ಪರವಾಗಿಲ್ಲ, ಗಟ್ಟಿ ಇದೆ, ಅನ್ನಲಿ ಅಂತ.

ಕಂಡದ್ದನ್ನೆಲ್ಲ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದಿಡುತ್ತೇನೆ.
ಜಬೀವುಲ್ಲಾ ಭಾಯ್ ನಗುತ್ತಾರೆ:
"ಹೆಣ ಕುಯ್ಯೋದಕ್ಕೆ ಯಾರಪ್ಪ ದುಡ್ಡು ಕೊಡ್ತಾರೆ?
ತಾಮ್ರ ಬಿಚ್ಚು, ಕೆಜಿಗೆ ಹಾಕು."

ಎಂಟು ಮುಗಿದ ಮೇಲೆ ಚೀಲದಲ್ಲಿಲ್ಲದ ಒಂದು ಬಂತು.
ಶ್ರೀರಾಮಪುರದ ಜೆರಾಕ್ಸ್ ಅಂಗಡಿಯ ಕುಮುದವಲ್ಲಿ,
ಸೆರಗಿನಲ್ಲಿ ಸುತ್ತಿ ತಂದಿದ್ದಾಳೆ, ಮೇಲುಸಿರು.
"ಕ್ಯಾಬಿನೆಟ್ಟು ಮುಟ್ಟಿದರೆ ಜುಮ್ ಅಂತಿತ್ತಣ್ಣ,
ಮಗೂಗೆ ರಬ್ಬರ್ ಚಪ್ಪಲಿ ಹಾಕಿ ಕೂರಿಸ್ತಿದ್ದೆ.
ಮೊನ್ನೆ ಕರೆಂಟ್ ಹೋಗಿ ಬಂತಲ್ಲ, ಡಬ್ ಅಂತು.
ಯಾರದೋ ಬಾಡಿಗೆ ಕರಾರು ಅರ್ಧ ಟೈಪಾಗಿತ್ತು."

ಬಿಚ್ಚಿದೆ.
ಹಸಿರು ತಂತಿಯನ್ನು ಎಲ್ಲಿಗೂ ಸೇರಿಸಿಲ್ಲ.
ಫಿಲ್ಟರ್ ಕಾಯಿಲ್ ಇರಬೇಕಾದಲ್ಲಿ ಎರಡು ತುಂಡು ತಂತಿ.
ಹೊಸದೇನಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ.
ಆದರೆ ಈ ತಂತಿಯ ತುದಿ
ಎಡಕ್ಕೆ ಬಾಗಿದೆ,
ದಿಕ್ಕು ತಪ್ಪಿದ ಕೊಂಬಿನ ಹಾಗೆ.

ನಾನು ಎಡಚ.

ಕಾಮಾಕ್ಷಿಪಾಳ್ಯ, ಶೀಟಿನ ಶೆಡ್ಡು, ಆರು ವರ್ಷದ ಕೆಳಗೆ.
ಪೀಸಿಗೆ ಮೂರು ರೂಪಾಯಿ, ದಿನಕ್ಕೆ ನೂರಾ ನಲವತ್ತು ಪೀಸು.
"ಕಾಯಿಲ್ ಬೇಡ, ತಂತಿ ಹಾಕು. ಒಳಗಡೆ ಯಾರು ಇಣುಕ್ತಾರೆ?"
ಅಂದಿದ್ದ ಸೂಪರ್‌ವೈಸರ್ ಚಿಕ್ಕವೀರಯ್ಯ.
ಯಾರೂ ಇಣುಕಲಿಲ್ಲ.
ನಾನೇ ಇಣುಕಬೇಕಾಯಿತು.

ಇದನ್ನು ಕೊಂದದ್ದು ಆ ತಂತಿಯಲ್ಲ. ಇರಲಿಕ್ಕಿಲ್ಲ.
ಮೊದಲು ಡಯೋಡು ಹೋಗಿದೆ, ಅದರ ಹಿಂದೆ ಉಳಿದದ್ದು.
ಹಸಿರು ತಂತಿ ಪಕ್ಕದ ಮೇಜಿನ ಕೆಲಸ.
ಬೆಸುಗೆ ಮಾತ್ರ ಚೆನ್ನಾಗಿದೆ,
ಸುತ್ತ ಎಲ್ಲ ಕಪ್ಪಾದ ಮೇಲೂ ಹೊಳೆಯುತ್ತಿದೆ.
ಒಂದು ಕ್ಷಣ, ಹೇಳಿಯೇ ಬಿಡುತ್ತೇನೆ, ಖುಷಿಯಾಯಿತು.

"ಸರಿ ಹೋಗುತ್ತಾ?"
ಇಲ್ಲ. ಹೊಸದಕ್ಕೆ ಸಾವಿರದೆಂಟುನೂರು.
"ಅಷ್ಟಾ! ಇದು ಐನೂರಕ್ಕೆ ಬಂದಿತ್ತು."
ಬಿಚ್ಚಿದ್ದನ್ನೇ ಎತ್ತಿ ತೂಗಿದಳು.
"ಗಟ್ಟಿಯಾಗೇ ಇತ್ತು, ಪಾಪ."

ಉಂಡೆಯನ್ನು ಮೀಟಿ ತೆಗೆದು ಅವಳ ಅಂಗೈಲಿಟ್ಟೆ.
ಅಷ್ಟು ಹೇಳಲಾಯಿತು. ತಂತಿಯ ಮಾತು ಎತ್ತಲಿಲ್ಲ.
ಬಹಳ ಹೊತ್ತು ನೋಡಿದಳು, ಹಿಂದೆ ಮುಂದೆ ತಿರುಗಿಸಿ.
"ಇರಲಿ ಕೊಡಿ. ಫ್ಯಾನ್ ಗಾಳಿಗೆ ಹಾಳೆ ಹಾರುತ್ತೆ,
ಮೇಲೆ ಇಡೋಕಾಗುತ್ತೆ."

ಅವಳು ಇಳಿದುಹೋದ ಮೇಲೆ ಕ್ಯಾಲೆಂಡರಿನಲ್ಲಿ ಬರೆದೆ:
ಕಾಯಿಲ್ ಇಲ್ಲ. ತಂತಿ. ಬೆಸುಗೆ ಉತ್ತಮ.
ಮಾಡಿದವರು ಯಾರು ಎಂಬ ಕಲಮು
ನಾನು ಗೀಚಿಕೊಂಡ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ.

ಚೀಲಕ್ಕೆ ಕೈ ಹಾಕಿ ಒಂಬತ್ತನೆಯದನ್ನೆತ್ತಿ
ಮೂಗಿನ ಹತ್ತಿರ ಒಯ್ದೆ.